ಬಾಯಿ ಒಂದೇ, ಮಾತು ಬೇರೆ

ನಮ್ಮ ತೊಪ್ಪೂರಿನ ಟೀ ಅಂಗಡಿಯಲ್ಲಿ 'ಪಾಲು' ಎಂದರೆ ಹಾಲು. ಕನ್ನಡ ಮಾತನಾಡುವ ಮನೆಯಲ್ಲಿ 'ಪಾಲು' ಎಂದರೆ ಹಂಚಿಕೆ. ಶಬ್ದ ಒಂದೇ, ಅರ್ಥ ಬೇರೆ. ಹಳೆಯ ಕಂಪ್ಯೂಟರುಗಳಲ್ಲಿಯೂ ವಿಡಿಯೋ ಆಟದ ಪೆಟ್ಟಿಗೆಗಳಲ್ಲಿಯೂ ಇಂತಹುದೇ ಒಂದು ತೊಡಕುಂಟು.

ವಿದ್ಯಾರ್ಥಿಯೊಬ್ಬನು ತನ್ನ ತಂದೆ ಬಾಲ್ಯದಲ್ಲಿ ಆಡಿದ ಟಿವಿ ಗೇಮ್ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸಿ ತಂದನು. ಅದರ ಹಿಡಿಕೆ ಮುರಿದಿತ್ತು. ಮಾವ ಕೊಟ್ಟ ಹಳೆಯ ಅಟಾರಿ ಜಾಯ್‌ಸ್ಟಿಕ್ ಒಂದು ಅವನ ಬಳಿ ಇತ್ತು. "ಪಿನ್ನು ಸರಿಯಾಗಿ ಕೂರುತ್ತದೆ ಸಾರ್, ಹಾಕಲೇ?" ಎಂದು ಕೇಳಿದನು. "ತಾಳಪ್ಪ" ಎಂದೆ. ಏಕೆಂಬುದನ್ನು ನೋಡೋಣ.

1977ರಲ್ಲಿ ಅಮೆರಿಕದ ಅಟಾರಿ ಕಂಪನಿಯು ತನ್ನ ಆಟದ ಪೆಟ್ಟಿಗೆಗೆ ಒಂಬತ್ತು ಪಿನ್ನುಗಳ ಜೋಡಣೆಯನ್ನು ಇಟ್ಟಿತು. ಮೊದಲ ನಾಲ್ಕು ಪಿನ್ನುಗಳು ಮೇಲೆ, ಕೆಳಗೆ, ಎಡ, ಬಲ; ಆರನೆಯದು ಗುಂಡಿ; ಎಂಟನೆಯದು ಭೂಸಂಪರ್ಕ. ಗುಂಡಿ ಒತ್ತಿದರೆ ಆರನೆಯ ತಂತಿ ಎಂಟನೆಯದಕ್ಕೆ ತಾಗುತ್ತದೆ, ಅಷ್ಟೇ. 1982ರ ಕಮೊಡೋರ್ 64 ಕಂಪ್ಯೂಟರು ಇದೇ ಕ್ರಮವನ್ನು ಅನುಸರಿಸಿತು. ಆದುದರಿಂದ ಒಂದರ ಜಾಯ್‌ಸ್ಟಿಕ್ ಇನ್ನೊಂದರಲ್ಲಿ ನಡೆಯುತ್ತದೆ. ಆದರೆ 1986ರ ಸ್ಪೆಕ್ಟ್ರಂ ಪ್ಲಸ್ 2 ಕಂಪ್ಯೂಟರಿನಲ್ಲಿ ಬಾಯಿ ಅದೇ ಆದರೂ ತಂತಿಗಳ ಕ್ರಮ ಬೇರೆ. ಅಲ್ಲಿ ಅದು ಕೂರುತ್ತದೆ, ಆಡುವುದಿಲ್ಲ. 1984ರಲ್ಲಿ 'ಕ್ಲಾಸ್' ಯೋಜನೆಯಡಿ ಭಾರತದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದಲ್ಲಿ ಹದಿನೈದು ಪಿನ್ನುಗಳ ಬಾಯಿ. ಒಂಬತ್ತರದು ಅದರೊಳಗೆ ಹೋಗುವುದೇ ಇಲ್ಲ. ಹೋಗದಿದ್ದರೆ ಅಪಾಯವೂ ಇಲ್ಲ. ಕೂರುವುದೇ ನಮ್ಮನ್ನು ಮೋಸಗೊಳಿಸುವುದು!

ಹುಡುಗನು ತಂದದ್ದು 1990ರ ದಶಕದಲ್ಲಿ ನಮ್ಮ ದೇಶದ ಅನೇಕ ಮನೆಗಳಲ್ಲಿದ್ದ, ಜಪಾನಿನ ನಿಂಟೆಂಡೋ ಯಂತ್ರವನ್ನು ಅನುಕರಿಸಿದ ಪೆಟ್ಟಿಗೆ. ಇಂತಹುದರ ಹಿಡಿಕೆಯೊಳಗೆ ಒಂದು ಚಿಪ್ಪು ಇರುತ್ತದೆ. ಎಂಟು ಗುಂಡಿಗಳ ಸಮಾಚಾರವನ್ನು ಅದು ಒಂದೇ ತಂತಿಯಲ್ಲಿ ಒಂದರ ಹಿಂದೊಂದಾಗಿ ಕಳುಹಿಸುತ್ತದೆ. ಚಿಪ್ಪಿಗೆ ವಿದ್ಯುತ್ತು ಬೇಕು. ಮೀಟರು ಹಿಡಿದು ನೋಡಿದಾಗ ಆ ಪೆಟ್ಟಿಗೆಯ ಆರನೆಯ ಪಿನ್ನಿನಲ್ಲಿ 5 ವೋಲ್ಟ್ ಇತ್ತು; ಎಂಟನೆಯದು ಭೂಸಂಪರ್ಕ. ಅಟಾರಿ ಜಾಯ್‌ಸ್ಟಿಕ್ ಹಾಕಿ ಗುಂಡಿ ಒತ್ತಿದ್ದರೆ ಇವೆರಡೂ ನೇರವಾಗಿ ಕೂಡಿ ಶಾರ್ಟ್ ಆಗುತ್ತಿತ್ತು. ತಂದೆ ಜೋಪಾನ ಮಾಡಿದ ಪೆಟ್ಟಿಗೆ ಒಂದೇ ಒತ್ತಿಗೆ ಕೆಡಬಹುದಿತ್ತು.

ಹುಡುಗನು ಹೊಸದನ್ನು ಹಾಕದೆ, ಮುರಿದ ಹಿಡಿಕೆಯನ್ನೇ ರಿಪೇರಿ ಮಾಡಿಸಿದನು. ತಂದೆ ಮಗ ಇಬ್ಬರೂ ಈಗ ಆಡುತ್ತಿದ್ದಾರೆ.

ಮಕ್ಕಳೇ, ಯಂತ್ರವಾಗಲಿ ಮಾತಾಗಲಿ, ಹೊರರೂಪ ಒಂದೇ ಎಂದು ಒಳಗೂ ಒಂದೇ ಎಂದು ತಿಳಿಯಬೇಡಿ. ಮೊದಲು ಅರ್ಥ ತಿಳಿಯಿರಿ, ಆಮೇಲೆ ಜೋಡಿಸಿರಿ.