ಹಾಸ್ಟೆಲ್ ಅಲ್ಲ, ಗುರುಮಠ

ನಾಲ್ಕು ವರ್ಷದ ಬಿ.ಇ.ಗೇ ನಾವು ಸುಸ್ತು. ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನ ನನ್ನ ಗೆಳೆಯ ಪಿಯುಸಿ ಮುಗಿಸಿ ಸೇರಿದ ಓದು ಮುಗಿಯಲು ಹತ್ತು ವರ್ಷವಾದರೂ ಬೇಕು! ಅವನಿರುವುದು ಕ್ಯಾಥೊಲಿಕ್ ಪಾದ್ರಿಗಳಾಗುವವರು ಓದುವ ಗುರುಮಠದಲ್ಲಿ. ತತ್ವಶಾಸ್ತ್ರ, ದೈವಶಾಸ್ತ್ರ, ನಡುವೆ ಚರ್ಚ್‌ಗಳಲ್ಲಿ ಸೇವೆ, ಕೊನೆಗೆ ಗುರುದೀಕ್ಷೆ. ಈ ಪದ್ಧತಿ ಹಳೆಯದು. ಬೆಂಗಳೂರು ಮಲ್ಲೇಶ್ವರದ ಸೇಂಟ್ ಪೀಟರ್ಸ್ ಗುರುಮಠ 1778ರಲ್ಲೇ ಪುದುಚೇರಿಯಲ್ಲಿ ಶುರುವಾಗಿ, 1934ರಲ್ಲಿ ಇಲ್ಲಿಗೆ ಬಂದದ್ದು.

ರಜೆಗೆ ಬಂದಾಗ ಬಂಗಾರಪೇಟೆ ಸ್ಟೇಷನ್‌ನಲ್ಲಿ ಸಿಗುತ್ತಾನೆ. ಬೆಳಗಿನ ಗಂಟೆ, ಧ್ಯಾನ, ಪೂಜೆ, ತಟ್ಟೆ ತೊಳೆಯುವ ಪಾಳಿ, ತೋಟದ ಕೆಲಸ, ಸಂಜೆ ಫುಟ್‌ಬಾಲ್. ರಾತ್ರಿ ಪ್ರಾರ್ಥನೆಯಾದ ಮೇಲೆ ಮಾತಿಲ್ಲ. ‘ಮೌನ ಕಷ್ಟ ಅಲ್ಲ ಕಣೋ, ಜಗಳ ಆಡಿದವನ ಪಕ್ಕದಲ್ಲೇ ಮರುದಿನ ಕೂತು ಉಣ್ಣಬೇಕಲ್ಲ, ಅದು ಕಷ್ಟ’ ಅಂತಾನೆ. ನಾವಾದರೆ ರೂಮ್ ಬದಲಿಸಿಬಿಡ್ತೀವಿ!

ಅವನ ತಾತ ಗಣಿ ಕಾರ್ಮಿಕ. 2001ರ ಫೆಬ್ರುವರಿ 28ಕ್ಕೆ ಗಣಿ ಮುಚ್ಚಿತು. ಅಪ್ಪ ಇವತ್ತಿಗೂ ದಿನಾ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಮಗನ ಸಂಬಳ ಬರುವುದಿಲ್ಲ ಅಂದರೆ ಆ ಮನೆಗೆ ಸಣ್ಣ ಮಾತಲ್ಲ. ಅಮ್ಮನಿಗೆ ಹೆಮ್ಮೆಯೂ ಇದೆ, ದಿಗಿಲೂ ಇದೆ.

ಗುರುದೀಕ್ಷೆಗೆ ಮುಂಚೆ ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಅವನ ಬ್ಯಾಚ್‌ನಲ್ಲಿ ಕೆಲವರು ಬಂದಿದ್ದಾರೆ. ಊರಿನವರು ಅವರನ್ನು ಫೇಲಾದವರಂತೆ ನೋಡುವುದು ನನಗೆ ಸರಿ ಕಾಣುವುದಿಲ್ಲ. ವರ್ಷಗಟ್ಟಲೆ ತನ್ನನ್ನೇ ಕೇಳಿಕೊಂಡು ‘ಇದು ನನ್ನ ದಾರಿ ಅಲ್ಲ’ ಅನ್ನುವ ಧೈರ್ಯ ನಮ್ಮ ಬ್ರಾಂಚ್‌ನಲ್ಲಿ ಎಷ್ಟು ಜನಕ್ಕಿದೆ? ಅಪ್ಪ ಕೊಡಿಸಿದ ಸೀಟು ಅಂತ ಓದುತ್ತಿರುವವರೇ ಜಾಸ್ತಿ.

‘ನೀನು?’ ಅಂತ ಅವನನ್ನೇ ಕೇಳಿದೆ. ‘ಇನ್ನೂ ಕೇಳಿಕೊಳ್ತಾ ಇದೀನಿ’ ಅಂದ.