ಸಂದು ಕಾಯುವ ತಗಡು

ಮಲೆನಾಡು, ಕರಾವಳಿಯಲ್ಲಿ ಮೇ ತಿಂಗಳ ಕೊನೆಗೆ ಮಾಡು ಹತ್ತುವವರಿಗೆ ಪುರುಸೊತ್ತಿರುವುದಿಲ್ಲ. ಒಡೆದ ಹಂಚು ಬದಲಿಸಬೇಕು, ಪಾಚಿ ಕೆರೆಯಬೇಕು, ದೋಣಿಯಲ್ಲಿ ತುಂಬಿದ ತರಗೆಲೆ ತೆಗೆಯಬೇಕು. ಇಷ್ಟೆಲ್ಲ ಮಾಡಿಸಿದ ಮನೆಯೂ ಜೂನ್ ತಿಂಗಳಲ್ಲಿ ಸೋರುವುದುಂಟು. ಹಂಚು ನೋಡಿದರೆ ನೆಟ್ಟಗಿದೆ. ನೀರು ಇಳಿಯುತ್ತಿರುವುದು ಸೋಲಾರ್ ಪೈಪು ಮಾಡನ್ನು ತೂರಿ ಬಂದ ಕಡೆ, ಬಚ್ಚಲೊಲೆಯ ಹೊಗೆ ಕೊಳವೆಯ ಬುಡದಲ್ಲಿ, ಇಲ್ಲವೇ ಇಳಿಮಾಡು ಬಂದು ಮಹಡಿಯ ಗೋಡೆಗೆ ತಾಗಿದ ಕಡೆ. ಇಂಥ ಸಂದುಗಳಿಗೆ ತಗಡೋ ರಬ್ಬರೋ ಕೂರಿಸಿ ನೀರನ್ನು ಹೊರಗೇ ತಿರುಗಿಸುವ ಕೆಲಸಕ್ಕೆ ಫ್ಲ್ಯಾಶಿಂಗ್ ಎನ್ನುತ್ತಾರೆ. ಮನೆ ಕಟ್ಟಿಸುವವರ ಲೆಕ್ಕದಲ್ಲಿ ತೀರ ಸಣ್ಣ ಬಾಬ್ತು. ಎಷ್ಟೋ ಎಸ್ಟಿಮೇಟುಗಳಲ್ಲಿ ಇದಕ್ಕೊಂದು ಸಾಲೂ ಇರುವುದಿಲ್ಲ.

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದರು. ಆ ಹಂಚಿನ ಜಾಣತನವೆಲ್ಲ ಇರುವುದು ಅಂಚಿನಲ್ಲಿ. ಒಂದರ ಬದಿಯ ಗೀರಿನೊಳಗೆ ಪಕ್ಕದ್ದರ ಏಣು ಕೂರುತ್ತದೆ. ಸಂದಿಗೆ ನುಗ್ಗಿದ ನೀರು ಆ ಗೀರನ್ನೇ ಕಾಲುವೆ ಮಾಡಿಕೊಂಡು ಕೆಳಗಿನ ಹಂಚಿನ ಬೆನ್ನಿಗೆ ಇಳಿಯುತ್ತದೆ. ಪೈಪಿಗೆಂದು ಅಂಚು ಕತ್ತರಿಸಿದರೆ ಕಾಲುವೆ ಅಲ್ಲಿಗೇ ತುಂಡಾಯಿತು, ನೀರು ರೀಪಿನ ಮೇಲೆ ಬಿತ್ತು. ಅದಕ್ಕೇ ಬಲ್ಲ ಮೇಸ್ತ್ರಿ ಪೈಪನ್ನು ನಾಲ್ಕು ಬೆರಳು ಸರಿಸಿ ಹಂಚಿನ ನಡುವಿಗೆ ತರಲು ಹೇಳುತ್ತಾನೆ. ಪ್ಲಂಬರ್ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕೆಲಸದ ಮೂಲಸೂತ್ರ ಒಂದೇ: ಮೇಲಿನದು ಕೆಳಗಿನದರ ಮೇಲೆ ಹೊದೆಯಬೇಕು. ಹೊಗೆ ಕೊಳವೆಯ ಇಟ್ಟಿಗೆ ಗೂಡಿಗೆ ತಗಡು ಹಾಕುವಾಗ ಮೊದಲು ಸೂರಿನ ಕಡೆಯ ಮುಂಭಾಗ, ಆಮೇಲೆ ಎರಡು ಬದಿ, ಕೊನೆಗೆ ಹಿಂಭಾಗ. ಈ ಸರದಿ ತಪ್ಪಿದರೆ ಎಷ್ಟು ಚೆಂದದ ತಗಡಾದರೂ ನೀರನ್ನು ತಾನೇ ಒಳಗೆ ಕರೆದು ಕೂರಿಸುತ್ತದೆ. ಮಾಡಿನ ಮೇಲಿಂದ ಹರಿದು ಬರುವ ನೀರು ನಿಲ್ಲುವುದು ಗೂಡಿನ ಹಿಂಬದಿಯಲ್ಲಿ. ಗೂಡು ಅಗಲವಾಗಿದ್ದರೆ ಅಲ್ಲಿ ಎರಡೂ ಕಡೆಗೆ ಇಳಿಜಾರಿರುವ ಸಣ್ಣದೊಂದು ಏಣು ಕಟ್ಟಿ ಹರಿವನ್ನು ಸೀಳಬೇಕು.

ಇಳಿಮಾಡು ಗೋಡೆಗೆ ತಾಗುವಲ್ಲಿ ಹೆಚ್ಚಿನವರು ಮಾಡಿಸುವುದು ಉದ್ದಕ್ಕೂ ಸಿಮೆಂಟಿನ ಮೂಲೆಪಟ್ಟಿ. ಅದು ಬಿರುಕು ಬಿಡದೆ ಇರುವುದಿಲ್ಲ. ಮರದ ಪಕಾಸು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಸೊರಗುತ್ತದೆ. ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಹಳೆಯ ಕಟ್ಟಡಗಳಲ್ಲಿ ಕೆಲವೆಡೆ ಹಂಚಿನ ಮೇಲ್ತುದಿಗೆ ಸರಿಯಾಗಿ ಗೋಡೆಯಿಂದ ಒಂದು ಸಾಲು ಇಟ್ಟಿಗೆ ಹೊರಚಾಚಿರುವುದನ್ನು ಕಾಣಬಹುದು. ನೀರು ಆ ಚಾಚಿನಿಂದ ತೊಟ್ಟಿಕ್ಕಿ ಹಂಚಿನ ಮೇಲೇ ಬೀಳುತ್ತದೆ. ಈಗ ಆ ಕೆಲಸವನ್ನು ತಗಡು ಮಾಡುತ್ತದೆ. ಹಂಚಿನ ಮಟ್ಟದಿಂದ ಸುಮಾರು 150 ಮಿ.ಮೀ. ಎತ್ತರದಲ್ಲಿ ಗೋಡೆಗೆ ಗ್ರೈಂಡರ್ ಹಿಡಿದು 25 ಮಿ.ಮೀ. ಆಳದ ಗೀರು ಕೊರೆಯುತ್ತಾರೆ. ಧೂಳು ಊದಿ ತೆಗೆದು, ತಗಡಿನ ಮೇಲಂಚನ್ನು ಮಡಚಿ ಗೀರಿನೊಳಗೆ ತುರುಕಿ, ಬೆಣೆ ಹೊಡೆದು ಬಿಗಿ ಮಾಡುತ್ತಾರೆ. ಕೆಳಗಿನ ಭಾಗ ಹಂಚಿನ ಮೇಲೆ ಸುಮ್ಮನೆ ಹೊದ್ದಿರುತ್ತದೆ. ಕಸುಬು ತಿಳಿದವರು ಯಾರೆಂದು ಗೊತ್ತಾಗುವುದು ಇಲ್ಲೇ. ತಗಡನ್ನು ಗೋಡೆಗೂ ಮಾಡಿಗೂ ಎರಡಕ್ಕೂ ಬಿಗಿದವರು ಕಲಿಯುವುದು ಇನ್ನೂ ಬಾಕಿಯಿದೆ.

ಹಂಚಿನ ಬದಲು ಬಣ್ಣದ ಶೀಟು ಬಂದಮೇಲೆ ಕಸುಬೂ ಬದಲಾಯಿತು. 6 ಮೀಟರ್ ಉದ್ದದ ಉಕ್ಕಿನ ಶೀಟಿಗೆ 40 ಡಿಗ್ರಿ ಬಿಸಿ ಏರಿದರೆ ಅದು ಸುಮಾರು 3 ಮಿ.ಮೀ. ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಅದರ ನಡುವೆ ನಿಂತ ಪೈಪಿನ ಸುತ್ತ ಮೆತ್ತಿದ ಸಿಮೆಂಟೋ ಎಂ-ಸೀಲೋ ಎಷ್ಟು ದಿನ ಬಾಳೀತು? ಇದಕ್ಕೆಂದೇ ರಬ್ಬರಿನ ಕೊರಳು ಸಿಗುತ್ತದೆ. ಶಂಕುವಿನಾಕಾರದ ಆ ಕೊರಳಿನ ಮೇಲೆ ಬಳೆಬಳೆಯಾಗಿ ಅಳತೆಯ ಗುರುತುಗಳಿರುತ್ತವೆ. ಪೈಪಿನ ಗಾತ್ರಕ್ಕಿಂತ ತುಸು ಚಿಕ್ಕ ಬಳೆಯಲ್ಲಿ ಕತ್ತರಿಸಿ, ಸಾಬೂನು ನೀರು ಸವರಿ, ಪೈಪಿನ ಮೇಲಿಂದ ಜಾರಿಸಿ ಇಳಿಸಬೇಕು. ಆಗ ಅದು ಪೈಪನ್ನು ಅಪ್ಪಿ ಹಿಡಿಯುತ್ತದೆ. ಬುಡದ ಅಂಚಿನಲ್ಲಿ ಬಗ್ಗುವ ಅಲ್ಯೂಮಿನಿಯಂ ಪಟ್ಟಿಯಿದೆ. ಶೀಟಿನ ಏರಿಳಿತಕ್ಕೆ ತಕ್ಕಂತೆ ಅದನ್ನು ಒತ್ತಿ, ಅಡಿಗೆ ಸಿಲಿಕೋನ್ ಎಳೆದು, ಸ್ಕ್ರೂ ಹಾಕುತ್ತಾರೆ. ಚೌಕ ಬುಡವಾದರೆ ಮೂಲೆ ಮೇಲ್ಮುಖವಾಗಿರುವಂತೆ ಓರೆಯಾಗಿ ಕೂರಿಸಬೇಕು. ನೀರು ತಡೆದು ನಿಲ್ಲದೆ ಎರಡು ಬದಿಗೆ ಸರಿದು ಹೋಗುತ್ತದೆ.

ಗೋಡೆಯ ತೂತುಗಳದು ಸುಲಭದ ಲೆಕ್ಕ. ಎ.ಸಿ. ಪೈಪಿಗೋ ಕೇಬಲ್ಲಿಗೋ ಕೊರೆಯುವಾಗ ತೂತು ಹೊರಕ್ಕೆ ಇಳಿಜಾರಾಗಿರಲಿ. ಕೇಬಲ್ ಒಳಹೋಗುವ ಮುನ್ನ ಒಂದು ಜೋಲು ಬಿಟ್ಟರೆ ಅದನ್ನು ಹಿಡಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ನೈಋತ್ಯ ಮಾರುತದ ಎರಚಲು ಬೀಳುವ ಗೋಡೆಯನ್ನು ಆದಷ್ಟು ತೂತಿಲ್ಲದೆ ಬಿಡುವುದು ಲೇಸು. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯಂಥ ಕಡೆ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಯಾವ ಲೋಹ ಎಂಬುದರಲ್ಲೂ ಎಚ್ಚರ ಬೇಕು. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಹಿಂದಿನಿಂದಲೂ ಸೀಸದ ಹಾಳೆಯೇ ಬಳಕೆ. ಮೆತ್ತಗಿರುತ್ತದೆ, ಹೇಳಿದಂತೆ ಬಾಗುತ್ತದೆ. ಆದರೆ ಮಾಡಿನ ಮಳೆನೀರನ್ನು ಹಿಡಿದು ಕುಡಿಯುವ ಮನೆಗೆ ಸೀಸ ಸಲ್ಲದು. ಹಸಿ ಸಿಮೆಂಟು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ತಾಮ್ರದ ಮೇಲಿಂದ ಹರಿದ ನೀರು ಸತುವಿನ ಲೇಪವನ್ನು ತಿನ್ನುತ್ತದೆ.

ಸಂದಿಗೆ ಟ್ಯೂಬು ಹಿಂಡಿ ‘ಗ್ಯಾರಂಟಿ’ ಎನ್ನುವವರು ಪೇಟೆ ತುಂಬ ಇದ್ದಾರೆ. ಸಿಲಿಕೋನ್ ಬೇಡವೆಂದಲ್ಲ. ಅದು ತಗಡಿನ ಜತೆಗಿರಬೇಕಾದ ಮದ್ದು, ತಗಡಿನ ಬದಲಿಗಲ್ಲ. ಬಿಸಿಲಿಗೆ ಅಂಚು ಬಿಟ್ಟುಕೊಂಡ ದಿನ ಕೆಲಸ ಮತ್ತೆ ಮೊದಲಿಂದ.

ಈ ಬೇಸಿಗೆಯಲ್ಲಿ ಸೋಲಾರ್ ಹೀಟರೋ ಡಿಶ್ಶೋ ಹಾಕಿಸುವವರಿದ್ದರೆ, ತೂತು ಕೊರೆಯುವ ಮೊದಲೇ ಫ್ಲ್ಯಾಶಿಂಗ್ ಯಾರ ಪಾಲಿನ ಕೆಲಸ ಎಂದು ಕೇಳಿ ಬರೆಸಿಕೊಳ್ಳಿ. ಕೆಲಸ ಮುಗಿದ ದಿನವೇ ಮೇಸ್ತ್ರಿಯ ಎದುರಿಗೆ ಹೋಸಿನಲ್ಲಿ ನೀರು ಬಿಟ್ಟು ನೋಡಿ. ಕೆಳಗಿನ ಸಂದಿನಿಂದ ಶುರುಮಾಡಿ, ಸ್ವಲ್ಪ ಹೊತ್ತು ಕಾದು, ಒಂದೊಂದಾಗಿ ಮೇಲಕ್ಕೆ ಹೋಗಿ. ಎಲ್ಲಿ ಸೋರುತ್ತದೆ ಎಂಬುದು ಕೂಲಿ ಕೊಡುವ ಮುಂಚೆಯೇ ಗೊತ್ತಾಗುತ್ತದೆ.