ರಕ್ತಸಂಬಂಧದ ವಿವಾಹ ಮತ್ತು ವರ್ಣತಂತುಗಳು

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವ ನಮ್ಮ ನಾಡಿನ ರೂಢಿಯನ್ನು ಕೇಳಿ ಪುಣೆಯ ಮರಾಠಿ ನೆರೆಯವರು ಸೋಜಿಗಪಡುವುದುಂಟು. 1980ರ ದಶಕದ ಆರಂಭದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ 65,000ಕ್ಕೂ ಹೆಚ್ಚು ವಿವಾಹಗಳನ್ನು ಪರಿಶೀಲಿಸಿದಾಗ ಸುಮಾರು ಮೂರನೆಯ ಒಂದು ಪಾಲು ರಕ್ತಸಂಬಂಧದವೆಂದು ಕಂಡುಬಂದಿತು. ಇದರಿಂದ ಮಕ್ಕಳಿಗೇನಾದರೂ ಬಾಧಕವುಂಟೆ?

ನಾನು ವೈದ್ಯನಲ್ಲ, ಬ್ಯಾಂಕಿನ ಲೆಕ್ಕಪತ್ರಗಳನ್ನು ಬಲ್ಲವನು. ಆದರೂ ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ನಮ್ಮ ಜೀವಕೋಶಗಳಲ್ಲಿ ಸಾಮಾನ್ಯವಾಗಿ 46 ವರ್ಣತಂತುಗಳಿರುತ್ತವೆ. ಈ ಸಂಖ್ಯೆ ಖಚಿತವಾದದ್ದು 1956ರಲ್ಲಿ. 23 ತಂದೆಯಿಂದ, 23 ತಾಯಿಯಿಂದ ಬಂದವು. ವಂಶದ ಗುಣಗಳನ್ನು ನಿರ್ಧರಿಸುವ ಜೀನುಗಳು ಇವುಗಳ ಮೇಲಿವೆ. ಹೀಗೆ ಬಹುತೇಕ ಜೀನುಗಳಿಗೆ ಲೆಡ್ಜರಿನಂತೆ ಎರಡೆರಡು ಪ್ರತಿಗಳು. ಒಂದರಲ್ಲಿ ದೋಷವಿದ್ದರೂ ಇನ್ನೊಂದು ಸರಿಯಿದ್ದರೆ ಅನೇಕ ಸಂದರ್ಭಗಳಲ್ಲಿ ರೋಗ ತೋರದು. ದೋಷವು ತಲೆಮಾರುಗಳವರೆಗೆ ಅಡಗಿರಬಲ್ಲುದು.

ಸೋದರಮಾವ ಮತ್ತು ಸೋದರಸೊಸೆಯ ಜೀನುಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಪಾಲು ಒಂದೇ ಮೂಲದವು. ಅತ್ತೆ-ಮಾವಂದಿರ ಮಕ್ಕಳಲ್ಲಿ ಎಂಟನೆಯ ಒಂದು ಪಾಲು. ಆದಕಾರಣ ಅಡಗಿದ ದೋಷವೊಂದೇ ಎರಡೂ ಕಡೆಯಿಂದ ಮಗುವಿಗೆ ಬರುವ ಸಂಭವ ಹೆಚ್ಚು.

11ನೆಯ ವರ್ಣತಂತುವಿನ ಜೀನಿನ ದೋಷದಿಂದುಂಟಾಗುವ ಬೀಟಾ ಥಲಸೀಮಿಯಾ ಇದಕ್ಕೆ ನಿದರ್ಶನ. ದಂಪತಿಗಳಿಬ್ಬರೂ ವಾಹಕರಾಗಿದ್ದರೆ, ಅವರು ಬಂಧುಗಳಾಗಿರಲಿ ಬಿಡಲಿ, ಪ್ರತಿಯೊಂದು ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯವಿದೆ. ರೋಗ ತೀವ್ರವಾದರೆ ಮಗುವಿಗೆ ಮತ್ತೆ ಮತ್ತೆ ರಕ್ತ ಕೊಡಬೇಕಾಗುವುದು.

ರಕ್ತಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಂತರೇ. ದೋಷ ಕಂಡಲ್ಲಿಯೂ ತಾಯಿಯೊಬ್ಬಳನ್ನೇ ಹಳಿಯುವುದು ಅನ್ಯಾಯ. ಇಲ್ಲಿ ಇಬ್ಬರದೂ ಸಮಪಾಲು. ಜಾತಕ ನೋಡುವ ಮುನ್ನ ರಕ್ತಪರೀಕ್ಷೆ ಮಾಡಿಸಿ, ಮನೆತನದಲ್ಲಿ ಕಂಡ ಕಾಯಿಲೆಗಳನ್ನು ಮುಚ್ಚಿಡದೆ ವೈದ್ಯರಿಗೆ ತಿಳಿಸುವುದು ಹಿರಿಯರ ಕರ್ತವ್ಯ.